ಕುಸುಬೆಯ ಎಣ್ಣೆಗೆ ಕಬ್ಬಿನ ನೆರವು

ಮಳೆ ಹಿಂದೆಗೆದ ಮೇಲೆ ಎರೆಭೂಮಿಯ ಒಡಲಲ್ಲಿ ಉಳಿದ ತೇವವನ್ನೇ ನಂಬಿ ಬೆಳೆದು, ಜೋಳದ ಹೊಲದ ಅಂಚಿನಲ್ಲಿ ದನಕರುಗಳನ್ನು ತಡೆಯುವ ಮುಳ್ಳುಬೇಲಿಯೂ ಆಗಿ, ಹಳದಿಯಿಂದ ಕೆಂಪಿಗೆ ತಿರುಗುವ ಹೂಗಳನ್ನು ಹೊತ್ತು ನಿಲ್ಲುವ ಕುಸುಬೆಯನ್ನು ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜನ ತಮ್ಮ ಎಣ್ಣೆಕಾಳುಗಳಲ್ಲೆಲ್ಲ ಆಪ್ತವಾದುದೆಂದು ಎಣಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ತಾಟಿನಲ್ಲಿ ಶೇಂಗಾ ಹಿಂಡಿಯೋ ಅಗಸಿ ಹಿಂಡಿಯೋ ಎಂಬ ಚಟ್ನಿಪುಡಿಯನ್ನು ಗುಪ್ಪೆಯಾಗಿ ಬಡಿಸಿಕೊಂಡು, ನಡುವೆ ಬೆರಳಿನಿಂದ ಗುಳಿ ಮಾಡಿ, ಆ ಗುಳಿ ತುಂಬುವಂತೆ ಹಸಿ ಕುಸುಬಿ ಎಣ್ಣೆಯನ್ನು ಸುರಿದು ಕಲಸಿ, ಬೆರಳಿಗೆ ಚುರುಕ್ಕೆನ್ನುವ ಬಿಸಿರೊಟ್ಟಿಯನ್ನು ಮುರಿದು ಉಂಡವನು ಆ ಘಮವನ್ನು ಬಹುಕಾಲ ಮರೆಯಲಾರನು.

ಗಾಣವಾಗಲಿ, ಅದರ ಸ್ಥಾನಕ್ಕೆ ಬಂದ ಉಕ್ಕಿನ ಎಕ್ಸ್‌ಪೆಲ್ಲರ್ ಆಗಲಿ, ಕಾಳನ್ನು ಎಷ್ಟು ಅರೆದು ಅಮುಕಿದರೂ ಎಣ್ಣೆ ತೆಗೆದ ಕಾಳಿನ ಹಿಂಡಿಯಲ್ಲಿ ನೂರಕ್ಕೆ 7–8 ಪಾಲಿನಷ್ಟು ಎಣ್ಣೆ ಉಳಿದೇ ಉಳಿಯುತ್ತದೆ. ಎತ್ತು ಎಮ್ಮೆಗಳ ಬಾಯಿಗೆ ಸೇರುತ್ತಿದ್ದ ಆ ಉಳಿಕೆ ಹಿಂದಿನವರಿಗೆ ನಷ್ಟವೆಂದು ತೋರಿರಲಿಲ್ಲ. ಟನ್ನುಗಟ್ಟಲೆ ಹಿಂಡಿಯನ್ನು ತೂಗುವ ಕಾರ್ಖಾನೆಗೆ ಮಾತ್ರ ಅದು ಕೈತಪ್ಪಿದ ಸಂಪತ್ತಾಗಿ ಕಂಡಿತು. ಪೆಟ್ರೋಲಿಯಮ್ಮಿನಿಂದ ಬೇರ್ಪಡಿಸಿದ ಹೆಕ್ಸೇನ್ ಎಂಬ ದ್ರಾವಕದಲ್ಲಿ ಹಿಂಡಿಯನ್ನು ತೊಳೆದರೆ, ಎಣ್ಣೆಯೆಲ್ಲವೂ ಅದರಲ್ಲಿ ಕರಗಿ, ಹಿಂಡಿಯಲ್ಲಿ ನೂರಕ್ಕೆ ಒಂದು ಪಾಲೂ ಉಳಿಯದಂತಾಗುತ್ತದೆ. ಹೆಕ್ಸೇನ್ ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿದು ಆವಿಯಾಗುವುದರಿಂದ ಅಲ್ಪ ಇಂಧನದಲ್ಲಿ ಅದನ್ನು ಎಣ್ಣೆಯಿಂದ ಬಿಡಿಸಿ, ತಣಿಸಿ, ಮರಳಿ ಬಳಸಬಹುದು. ಅದು ಜಗತ್ತಿನ ಎಣ್ಣೆ ಉದ್ಯಮವನ್ನೆಲ್ಲ ವ್ಯಾಪಿಸಿದುದು ಈ ಗುಣದ ಬಲದಿಂದಲೇ.

ಆದರೆ ಆ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರವಾದುದರಿಂದ ನೆಲ ಹಿಡಿದು ಹರಿದು, ತಗ್ಗಿನಲ್ಲಿ ಮಡುಗಟ್ಟಿ, ದೂರದ ಒಂದು ಕಿಡಿಗೂ ಹೊತ್ತಿಕೊಳ್ಳುತ್ತದೆ. ಬೆಂಕಿಗಿಂತಲೂ ಮೌನವಾದ ಕೇಡು ಇನ್ನೊಂದಿದೆ. ದಿನವೂ ಉಸಿರಿನೊಡನೆ ಒಳಹೊಕ್ಕ ಹೆಕ್ಸೇನನ್ನು ಯಕೃತ್ತು 2,5-ಹೆಕ್ಸೇನ್‌ಡಯೋನ್ ಎಂಬ ವಿಷವಾಗಿ ಮಾರ್ಪಡಿಸುತ್ತದೆ. ಆ ವಿಷವು ದೇಹದ ಅತ್ಯಂತ ನೀಳವಾದ ನರಗಳನ್ನು ಮೊದಲು ಹಿಡಿಯುವುದರಿಂದ ಕಾಲ್ಬೆರಳ ತುದಿಯಲ್ಲಿ ಜೋಮು ತೋರಿ, ಕ್ರಮೇಣ ಪಾದಕ್ಕೂ ಅಂಗೈಗೂ ಏರಿ, ಕಡೆಗೆ ಕಾಲಿಂದ ಚಪ್ಪಲಿ ಜಾರಿದುದೂ ತಿಳಿಯದ ಸ್ಥಿತಿ ಬರಬಹುದು. ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳ ಕಾಲ ಈ ಬಾಧೆ ಉಲ್ಬಣಿಸುವುದುಂಟು. 1960ರ ದಶಕದಲ್ಲಿ ಜಪಾನಿನ ಪಾದರಕ್ಷೆಯ ಕುಶಲಕರ್ಮಿಗಳು ಹೆಕ್ಸೇನ್ ಬೆರೆತ ಅಂಟಿನಿಂದ ಈ ರೋಗಕ್ಕೆ ತುತ್ತಾದರು. 2009ರಲ್ಲಿ ಚೀನಾದ ಸೂಜೌ ನಗರದ ಕಾರ್ಖಾನೆಯೊಂದರಲ್ಲಿ ದೂರವಾಣಿಯ ಗಾಜಿನ ಫಲಕಗಳನ್ನು ಒರೆಸಲು ಅದುವರೆಗೆ ಬಳಸುತ್ತಿದ್ದ ಆಲ್ಕೊಹಾಲನ್ನು ಬಿಟ್ಟು, ಬೇಗ ಒಣಗುವುದೆಂಬ ಒಂದೇ ಕಾರಣಕ್ಕೆ ಹೆಕ್ಸೇನನ್ನು ತಂದುದರಿಂದ 137 ಮಂದಿ ಕಾರ್ಮಿಕರು ಪೀಡಿತರಾದರು.

ಅಲ್ಲಿ ಹೆಕ್ಸೇನಿಗೆ ಎಡೆ ಬಿಟ್ಟು ಹೊರಟ ಆಲ್ಕೊಹಾಲನ್ನು ಇಲ್ಲಿ ಮರಳಿ ಕರೆತರಬಹುದೆಂಬುದೇ ನನ್ನ ನಿವೇದನೆ. ಏಕೆಂದರೆ ಅದು ಈ ಸೀಮೆಯ ಹೊಲದಲ್ಲಿಯೇ ಬೆಳೆಯುತ್ತಿದೆ. ಅಮರ್ಜಾ ನದಿ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವ ಈ ನಾಡಿನಲ್ಲಿ, ಅಫಜಲಪುರ ತಾಲ್ಲೂಕಿನ ಹಾವಳಗಾ, ಆಳಂದ ತಾಲ್ಲೂಕಿನ ಭೂಸನೂರು, ಹಳೆಯ ಜೇವರ್ಗಿ ತಾಲ್ಲೂಕಿನ ಮಳ್ಳಿ ಎಂಬಲ್ಲೆಲ್ಲ ಸಕ್ಕರೆ ಕಾರ್ಖಾನೆಗಳಿವೆ. ಸಕ್ಕರೆಯಿದ್ದಲ್ಲಿ ಕಾಕಂಬಿಯಿದೆ, ಕಾಕಂಬಿಯಿಂದ ಎಥನಾಲ್ ಎಂಬ ಆಲ್ಕೊಹಾಲ್ ಬರುತ್ತದೆ. ಬಿಸಿಯಾದ ಎಥನಾಲಿನಲ್ಲಿ ಎಣ್ಣೆ ಕರಗುತ್ತದೆ. ತಣಿಸಿದರೆ ಅದರ ಬಹುಭಾಗ ತಾನಾಗಿಯೇ ಬೇರೆ ಪದರವಾಗಿ ನಿಲ್ಲುತ್ತದೆ. ಕಬ್ಬಿನ ಸಿಪ್ಪೆಗೂ ಇಲ್ಲಿ ಒಂದು ಪಾತ್ರವುಂಟು: ಅದರಿಂದ ಪಡೆಯಬಹುದಾದ ಫರ್ಫ್ಯೂರಾಲಿನಿಂದ 2-ಮೀಥೈಲ್‌ಆಕ್ಸೊಲೇನ್ ಎಂಬ ದ್ರಾವಕವನ್ನು ತಯಾರಿಸುತ್ತಾರೆ, ಆಹಾರದ ಎಣ್ಣೆ ತೆಗೆಯಲು ಅದನ್ನು ಬಳಸಬಹುದೆಂದು ಐರೋಪ್ಯ ಒಕ್ಕೂಟವು 2023ರಲ್ಲಿ ಅನುಮತಿ ನೀಡಿತು.

ಈ ಬದಲಾವಣೆ ಸುಲಭವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಎಥನಾಲನ್ನು ಆವಿಯಾಗಿಸಲು ಹೆಕ್ಸೇನಿಗಿಂತ ಎರಡು ಪಟ್ಟಿಗೂ ಮಿಕ್ಕಿದ ಶಾಖ ಬೇಕು. ಹಿಂಡಿಯ ತೇವವನ್ನು ಹೀರಿಕೊಂಡಷ್ಟೂ ಅದರ ಕರಗಿಸುವ ಶಕ್ತಿ ಕುಂದುತ್ತದೆ. ಹೊತ್ತಿಕೊಳ್ಳುವ ಗುಣ ಅದಕ್ಕೂ ಇದೆ. ಹೆಕ್ಸೇನಿಗಾಗಿ ಕಟ್ಟಿದ ಯಂತ್ರಗಳನ್ನು ಮಾರ್ಪಡಿಸಲು ಬಂಡವಾಳ ಬೇಕು. ಆದರೆ ನರಗಳನ್ನು ಹಂತಹಂತವಾಗಿ ತಿನ್ನುವ ಹೆಕ್ಸೇನಿನ ಆ ವಿಷ ಎಥನಾಲಿನಿಂದ ಹುಟ್ಟುವುದಿಲ್ಲವೆಂಬ ಒಂದೇ ಗುಣ ಈ ತೊಡಕುಗಳೊಡನೆ ಸೆಣಸಲು ಸಾಕಾದ ಕಾರಣವಾಗಿದೆ.

ಎಣ್ಣೆಯಲ್ಲಿ ಉಳಿಯಬಹುದಾದ ಹೆಕ್ಸೇನಿಗೆ ನಮ್ಮ ದೇಶದ ಆಹಾರ ನಿಯಮವು ಕಿಲೋಗ್ರಾಮಿಗೆ 5 ಮಿಲಿಗ್ರಾಂ ಎಂದೂ, ಐರೋಪ್ಯ ಒಕ್ಕೂಟವು 1 ಮಿಲಿಗ್ರಾಂ ಎಂದೂ ಮಿತಿಯನ್ನು ವಿಧಿಸಿವೆ. ಇವು ಉಣ್ಣುವವನನ್ನು ಕಾಯುತ್ತವೆ; ಅದು ತಕ್ಕದ್ದೇ. ಆದರೆ ಶೀಸೆಯೊಳಗಿನ ಎಣ್ಣೆಯ ಶುದ್ಧಿಯು ಆ ಎಣ್ಣೆಯನ್ನು ತೆಗೆದವನ ಉಸಿರಿನ ಶುದ್ಧಿಗೆ ಸಾಕ್ಷಿಯಾಗದು. ಕಬ್ಬೂ ಕುಸುಬೆಯೂ ನೆರೆಹೊರೆಯ ಹೊಲಗಳಲ್ಲಿ ಬೆಳೆಯುವ ಈ ಮೂರು ತಾಲ್ಲೂಕುಗಳಲ್ಲಿ, ಕಾಕಂಬಿಯ ಎಥನಾಲಿನಿಂದ ಹಿಂಡಿಯ ಎಣ್ಣೆಯನ್ನು ತೆಗೆದು ನೋಡುವ ಒಂದು ಪ್ರಾಯೋಗಿಕ ಘಟಕವನ್ನು, ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಂತಹ ಸಂಸ್ಥೆಯೂ ರೈತರ ಸಂಘಗಳೂ ಕೈಜೋಡಿಸಿ ಹೂಡುವುದಾದರೆ, ಅದಕ್ಕಿಂತ ಯುಕ್ತವಾದ ಆರಂಭ ಬೇರೊಂದಿರದು. ಬಿಸಿರೊಟ್ಟಿಯನ್ನು ಮುರಿಯುವಾಗ ಉಣ್ಣುವವನ ಬೆರಳಿಗೆ ಚುರುಕ್ಕೆನ್ನುವ ಆ ಬಿಸಿ, ಎಣ್ಣೆ ತೆಗೆದವನು ಸಂಜೆ ಮನೆಗೆ ಬಂದು ಊಟಕ್ಕೆ ಕುಳಿತಾಗ ಅವನ ಬೆರಳಿಗೂ ತಿಳಿಯುವಂತಿರಬೇಕು.