ಒಂಟಿ ಪ್ರೊಸೆಸರಿಗೆ ಬೀಗವೇಕೆ?

1990ರ ದಶಕದ ಕೊನೆಯಲ್ಲಿ ಡ್ಯಾಲಸ್ಸಿನ ಕಚೇರಿಯೊಂದರ ಸರ್ವರ್‌ಗೆ ಎರಡನೆಯ ಪ್ರೊಸೆಸರನ್ನು ಜೋಡಿಸಿದೆ. ವೇಗ ಎಳ್ಳಷ್ಟೂ ಹೆಚ್ಚಲಿಲ್ಲ. ವಿಂಡೋಸ್ ಎನ್‌ಟಿ ಸ್ಥಾಪನೆಯಾದಾಗ ಇದ್ದದ್ದು ಒಂದೇ ಪ್ರೊಸೆಸರ್. ಅದಕ್ಕೊಪ್ಪುವ ಕರ್ನಲ್ಲೇ ಉಳಿದಿತ್ತು. ಕರ್ನಲ್ ಕಡತಗಳನ್ನು ಬದಲಿಸಿದ ಮೇಲೆಯೇ ಹೊಸದು ದುಡಿಯತೊಡಗಿತು. ತಪ್ಪು ನನ್ನದೇ.

ಎರಡು ಬಗೆಯ ಕರ್ನಲ್ ಏಕೆ? ಹಲವು ಪ್ರೊಸೆಸರ್‌ಗಳು ಒಂದೇ ಮೆಮೊರಿಯನ್ನು ಹಂಚಿಕೊಂಡಾಗ, ಒಂದೇ ದತ್ತಾಂಶವನ್ನು ಏಕಕಾಲಕ್ಕೆ ತಿದ್ದದಂತೆ ಕರ್ನಲ್ ಬೀಗ ಹಾಕಬೇಕು. ಒಂಟಿ ಪ್ರೊಸೆಸರಿನಲ್ಲಿ ಇಂಟರಪ್ಟ್‌ಗಳನ್ನು ಕ್ಷಣಕಾಲ ತಡೆದರೆ ಬಹುಪಾಲು ಸಾಕು. ಬೀಗ ಹಾಕಿ ತೆಗೆಯುವುದು ವ್ಯರ್ಥ ವೆಚ್ಚ. ಆದ್ದರಿಂದ ಅಲ್ಲಿ ಏಕ-ಪ್ರೊಸೆಸರ್ ಕರ್ನಲ್ಲೇ ತುಸು ಚುರುಕು. ಹಾಗೆಂದು ಎರಡಿದ್ದರೆ ವೇಗ ಇಮ್ಮಡಿಸದು. 1996ರ ಲಿನಕ್ಸ್ 2.0 ಇಡೀ ಕರ್ನಲ್ಲಿಗೆ ಒಂದೇ ದೊಡ್ಡ ಬೀಗ ಹಾಕಿತ್ತು. ಒಂದು ಪ್ರೊಸೆಸರ್ ಒಳಗಿದ್ದರೆ ಇನ್ನೊಂದು ಬಾಗಿಲಲ್ಲಿ ಕಾಯಬೇಕು. ಆ ಬೀಗ ಪೂರ್ತಿ ತೊಲಗಿದ್ದು 2011ರಲ್ಲಿ!

ಹೂಸ್ಟನ್ನಿನ ಕಾಂಪ್ಯಾಕ್ 1989ರಲ್ಲೇ ಎರಡು ಪ್ರೊಸೆಸರ್‌ಗಳಿಗೆ ಎಡೆಯಿದ್ದ ಸಿಸ್ಟಂಪ್ರೊವನ್ನು ಮಾರಿತ್ತು. 2001ರಲ್ಲಿ ಬಂದ, ಆಸ್ಟಿನ್ನಿನ ಎಂಜಿನಿಯರರು ರೂಪಿಸಿದ ಐಬಿಎಂನ ಪವರ್4, ಒಂದೇ ಚಿಪ್ಪಿನಲ್ಲಿ ಎರಡು ಕೋರ್‌ಗಳನ್ನಿಟ್ಟಿತು. ಬಹು-ಕೋರ್ ಸಾಮಾನ್ಯವಾದಂತೆ ಆಯ್ಕೆಯ ಪ್ರಶ್ನೆಯೂ ಹಿಂದೆ ಸರಿಯಿತು. 2006ರಿಂದೀಚೆಗೆ, ಎಕ್ಸ್86 ಯಂತ್ರದಲ್ಲಿ ಒಂದೇ ಪ್ರೊಸೆಸರ್ ಕಂಡರೆ, ಲಿನಕ್ಸಿನ ಬಹು-ಪ್ರೊಸೆಸರ್ ಕರ್ನಲ್ ಬೀಗದ ಹೆಚ್ಚುವರಿ ಭಾರವನ್ನು ಬೂಟ್ ಆಗುವಾಗಲೇ ಕಳಚಿಕೊಳ್ಳಬಲ್ಲದು.