ಗೋಧಿ ಬಣ್ಣ, ಚಾಮನ ಛಾಯ

ಕಾಣೆಯಾದವರ ಪ್ರಕಟಣೆಗಳಿಗೆ ಎಲ್ಲ ಭಾಷೆಯಲ್ಲೂ ಒಂದೇ ಧಾಟಿ. ಇಲ್ಲಿ ಹೈದರಾಬಾದಿನಲ್ಲಿ ತೆಲುಗಿನವರು ‘ಚಾಮನ ಛಾಯ’ ಎಂದು ಬರೆಯುವುದನ್ನು ನಮ್ಮ ಕಡೆ ‘ಗೋಧಿ ಬಣ್ಣ’ ಎನ್ನುತ್ತಾರೆ. ಹೇಮಂತ್ ರಾವ್ ತಮ್ಮ ಮೊದಲ ಚಿತ್ರಕ್ಕೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂದೇ ಹೆಸರಿಟ್ಟರು. 2016ರ ಜೂನ್‌ನಲ್ಲಿ ತೆರೆಕಂಡ ಆ ಚಿತ್ರವನ್ನು ಮೊನ್ನೆ ಮತ್ತೆ ನೋಡಿದೆ.

ಕಥೆ ನಿಮಗೆ ಗೊತ್ತಿರಬಹುದು. ವೆಂಕೋಬ ರಾವ್‌ಗೆ (ಅನಂತ್ ನಾಗ್) ಆಲ್ಜೈಮರ್ಸ್. ಬೆಂಗಳೂರಿನ ಆರೈಕೆ ಕೇಂದ್ರವೊಂದರಲ್ಲಿದ್ದಾರೆ. ಮಗ ಶಿವ (ರಕ್ಷಿತ್ ಶೆಟ್ಟಿ) ಮುಂಬೈಯಲ್ಲಿ ಕೆಲಸಕ್ಕಿದ್ದಾನೆ. ಊರಿಗೆ ಬಂದವನು ಅಪ್ಪನನ್ನು ಶಾಪಿಂಗ್‌ಗೆ ಕರೆದೊಯ್ಯುತ್ತಾನೆ, ಅಲ್ಲಿ ಅಪ್ಪ ತಪ್ಪಿಸಿಕೊಳ್ಳುತ್ತಾರೆ. ನಡುವೆ ಬರುವ ರೌಡಿಗಳ ಕಥೆ ನನಗೆ ಸ್ವಲ್ಪ ಉದ್ದವಾಯಿತು ಅನ್ನಿಸಿತು. ಆದರೆ ವಸಿಷ್ಠ ಸಿಂಹ ಎದುರು ಅನಂತ್ ನಾಗ್ ಮಗುವಿನಂತೆ ಕೂತಿರುವುದನ್ನು ನೋಡಿದರೆ ಅದನ್ನೂ ಕ್ಷಮಿಸಬಹುದು.

ಕಾಯಿಲೆ ಅಪ್ಪನದು, ದೊಡ್ಡವನಾಗಬೇಕಾದವನು ಮಗ. ಅಪ್ಪ ಅಮ್ಮನನ್ನು ಪ್ರೀತಿಸಿದ ಕಥೆ ಶಿವನಿಗೆ ಗೊತ್ತಾಗುವುದು ಡಾಕ್ಟರ್ ಸಹನಾಳಿಂದ (ಶ್ರುತಿ ಹರಿಹರನ್). ಹೊರಗಿನವರೊಬ್ಬರು ಹೇಳಬೇಕಾಯಿತು! ಮಗನ ಬಳಿ ಇದ್ದದ್ದು ಪೋಸ್ಟರ್‌ಗೆ ಸಾಕಾಗುವಷ್ಟು ವಿವರ ಮಾತ್ರ.

ಈ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಜಾರುವುದು ಹೊಸ ನೆನಪು. ಹಳೆಯದು ಬಹಳ ದಿನ ಉಳಿಯುತ್ತದೆ. ಹಾಗಾಗಿ ದೂರದ ಊರಲ್ಲಿರುವ ನಮ್ಮಂಥವರಿಗೆ ಅದು ಫೋನಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ‘ಊಟ ಆಯ್ತಾ?’ ಅಂದರೆ ‘ಆಯ್ತು’ ಎನ್ನುವುದಕ್ಕೆ ನೆನಪು ಬೇಡ, ರೂಢಿ ಸಾಕು. ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ‘ವಯಸ್ಸಾಯ್ತಲ್ಲ, ಮರೀತಾರೆ ಬಿಡು’ ಎಂದು ಸುಮ್ಮನಾಗುವ ಮನೆಗಳೆಷ್ಟೋ.

ರಾಯಚೂರಿನಲ್ಲಿರುವ ನಮ್ಮಪ್ಪ ಕಳೆದ ತಿಂಗಳು ಒಂದೇ ಕರೆಂಟ್ ಬಿಲ್ ಎರಡು ಸಲ ಕಟ್ಟಲು ಹೋಗಿದ್ದರಂತೆ. ಅಮ್ಮ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಮುಂದಿನ ವಾರ ನರರೋಗ ತಜ್ಞರ ಬಳಿ ತೋರಿಸಬೇಕು. ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧವಿದೆ. ಅಷ್ಟೇ ಆಗಿರಲಿ ಅಂತ ಆಸೆ.

ಈಗ ಫೋನಿನಲ್ಲಿ ಪ್ರಶ್ನೆ ಬದಲಿಸಿದ್ದೇನೆ. ನಿನ್ನೆ ‘ಏನು ಊಟ ಮಾಡಿದ್ರಿ ಅಪ್ಪಾ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಿಮ್ಮಮ್ಮನ್ನ ಕೇಳು’ ಅಂದರು.