ನಂಬತಕ್ಕ ಜಾಲತಾಣಗಳೂ ನಂಬಬಾರದ ಜಾಲತಾಣಗಳೂ

ದನಗಳ ಜಾತ್ರೆಗೆ ಹೋದ ಬೇಸಾಯಗಾರನು ಎತ್ತಿನ ಕೊಂಬಿಗೆ ಬಳಿದಿರುವ ಬಣ್ಣವನ್ನೂ ಕೊರಳಿನ ಗೆಜ್ಜೆಯನ್ನೂ ನೋಡಿ ಬೆಲೆ ಕಟ್ಟುವುದಿಲ್ಲ. ಬಾಯಿ ಬಿಡಿಸಿ ಹಲ್ಲುಗಳನ್ನು ಎಣಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲುಗಳನ್ನು ಪರೀಕ್ಷಿಸುತ್ತಾನೆ. ಮಾರುವವನು ಯಾವ ಊರಿನವನು, ನಾಳೆ ಎತ್ತು ಕುಂಟಿದರೆ ಅವನು ಎಲ್ಲಿ ಸಿಕ್ಕುವನು ಎಂಬುದನ್ನೂ ವಿಚಾರಿಸುತ್ತಾನೆ. ಇಷ್ಟು ಜಾಗರೂಕನಾದ ಬೇಸಾಯಗಾರನೇ ತನ್ನ ಮೊಬೈಲ್ ಫೋನಿನಲ್ಲಿ ಜಾಲತಾಣವೊಂದು ತೆರೆದ ಕೂಡಲೆ ಅದರ ಅಂದವನ್ನೂ ಸರ್ಕಾರದ ಲಾಂಛನವನ್ನೂ ಕಂಡು ಆಧಾರ್ ಸಂಖ್ಯೆ, ಬ್ಯಾಂಕಿನ ಲೆಕ್ಕದ ಸಂಖ್ಯೆ ಮುಂತಾದುವನ್ನು ಬರೆದುಕೊಟ್ಟುಬಿಡುವುದುಂಟು. ಜಾತ್ರೆಯಲ್ಲಿ ತೋರಿಸುವ ವಿವೇಕವನ್ನು ಜಾಲತಾಣದಲ್ಲಿಯೂ ತೋರಿಸಬೇಕಾದ ಕಾಲವು ಬಂದಿದೆ.

ಪಹಣಿಯನ್ನು ನೋಡುವುದು, ಮಾರುಕಟ್ಟೆಯ ಧಾರಣೆಯನ್ನು ತಿಳಿಯುವುದು, ಮಳೆಯ ಮುನ್ಸೂಚನೆಯನ್ನು ಓದುವುದು, ಬೆಳೆ ವಿಮೆಗೂ ಸಹಾಯಧನಕ್ಕೂ ಅರ್ಜಿ ಸಲ್ಲಿಸುವುದು ಮುಂತಾದ ಅನೇಕ ಕೆಲಸಗಳು ಈಗ ಜಾಲತಾಣಗಳ ಮೂಲಕ ನಡೆಯುತ್ತಿವೆ. ಆದುದರಿಂದ ಅವುಗಳನ್ನು ಬಿಟ್ಟಿರುವುದು ಸಾಧ್ಯವಿಲ್ಲ. ಎಲ್ಲವನ್ನೂ ನಂಬುವುದೂ ಕ್ಷೇಮವಲ್ಲ. ಯಾವುದನ್ನು ನಂಬಬೇಕೆಂಬುದನ್ನು ಅರಿಯುವುದೊಂದೇ ಉಳಿದ ದಾರಿ.

ಹೊರನೋಟದ ಮೋಸ

ಜನರು ಜಾಲತಾಣಗಳನ್ನು ಏಕೆ ನಂಬುತ್ತಾರೆ ಎಂಬ ವಿಷಯವನ್ನು ಅಮೆರಿಕ ದೇಶದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಬಿ. ಜೆ. ಫಾಗ್ ಎಂಬುವರೂ ಅವರ ಸಂಗಡಿಗರೂ ಪರಿಶೀಲಿಸಿ 2002ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. 2,684 ಮಂದಿ ನೂರು ಜಾಲತಾಣಗಳ ವಿಷಯದಲ್ಲಿ ಅಭಿಪ್ರಾಯವನ್ನು ಬರೆದರು. ಅವರು ಬರೆದ ಟಿಪ್ಪಣಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ, ಎಂದರೆ ನೂರಕ್ಕೆ 46.1ರಷ್ಟರಲ್ಲಿ, ಕಾಣಬಂದುದು ತಾಣದ ಹೊರನೋಟದ ಮಾತು. ಆದರೆ ಅದೇ ವರ್ಷ ವೈದ್ಯ ವಿಷಯದಲ್ಲಿಯೂ ಹಣಕಾಸಿನಲ್ಲಿಯೂ ಪರಿಣತರಾದ ಕೆಲವರನ್ನು ಕೇಳಿದಾಗ ಅವರು ಅಂದಚೆಂದಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ತಾಣವನ್ನು ನಡೆಸುವವರು ಯಾರು, ಮಾತಿಗೆ ಆಧಾರವೇನು, ಅದನ್ನು ಹೇಳುವುದರಲ್ಲಿ ಅವರಿಗಿರುವ ಉದ್ದೇಶವೇನು ಎಂಬುದನ್ನು ನೋಡಿದರು. ವಿಷಯವನ್ನು ಬಲ್ಲವನು ತಿರುಳನ್ನು ನೋಡುತ್ತಾನೆ, ಅರಿಯದವನು ಸಿಪ್ಪೆಯನ್ನು ನೋಡುತ್ತಾನೆ ಎಂಬುದು ಇದರಿಂದ ಸ್ಪಷ್ಟವಾಗುವುದು.

ಇದರಲ್ಲಿ ಒಂದು ತೊಡಕುಂಟು. ಪ್ರಾಮಾಣಿಕವಾದ ಕಚೇರಿಯ ತಾಣವು ಕೆಲವು ವೇಳೆ ನಿಧಾನವಾಗಿಯೂ ನೋಟಕ್ಕೆ ಒರಟಾಗಿಯೂ ಇರುವುದುಂಟು. ಮೋಸಗಾರನಾದರೋ ತನ್ನ ತಾಣವನ್ನು ಸಿಂಗರಿಸದೆ ಬಿಡುವುದಿಲ್ಲ. ಏಕೆಂದರೆ ಅವನಲ್ಲಿ ಮಾರುವುದಕ್ಕೆ ಬೇರೆ ಸರಕೇ ಇಲ್ಲ. ಲಾಂಛನವನ್ನೂ ಮಂತ್ರಿಗಳ ಭಾವಚಿತ್ರವನ್ನೂ ನಕಲು ಮಾಡಲು ಅರ್ಧ ಗಂಟೆ ಸಾಕು.

ಸೌರ ಪಂಪಿನ ನಿದರ್ಶನ

ರೈತರಿಗೆ ಸೌರಶಕ್ತಿಯ ಪಂಪುಗಳನ್ನು ಒದಗಿಸುವುದಕ್ಕಾಗಿ ಭಾರತ ಸರ್ಕಾರವು 2019ರಲ್ಲಿ ಪಿಎಂ-ಕುಸುಮ್ ಯೋಜನೆಯನ್ನು ಆರಂಭಿಸಿತು. ಬೆಲೆಯಲ್ಲಿ ನೂರಕ್ಕೆ 30 ಭಾಗವನ್ನು ಕೇಂದ್ರ ಸರ್ಕಾರವೂ ಕನಿಷ್ಠ 30 ಭಾಗವನ್ನು ರಾಜ್ಯ ಸರ್ಕಾರವೂ ಕೊಟ್ಟು, ಉಳಿದುದನ್ನು ರೈತನು ಭರಿಸಬೇಕೆಂಬುದು ಆಗಿನ ಏರ್ಪಾಟು. ಸಹಾಯಧನದ ಸುದ್ದಿಯು ಹಬ್ಬಿದೊಡನೆಯೇ ಯೋಜನೆಯ ಹೆಸರಿನಲ್ಲಿ ಸುಳ್ಳು ಜಾಲತಾಣಗಳು ಹುಟ್ಟಿಕೊಂಡವು. ‘ನೋಂದಣಿ ಶುಲ್ಕ’ವೆಂದು ರೈತರಿಂದ ಹಣವನ್ನೂ ಅವರ ವಿವರಗಳನ್ನೂ ಸಂಗ್ರಹಿಸಿದವು. ಅವುಗಳ ಹೆಸರಿನಲ್ಲಿ ‘ಕುಸುಮ್’, ‘ಯೋಜನಾ’ ಎಂಬ ಪದಗಳೆಲ್ಲ ಇದ್ದವು. ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು 2019ರಿಂದ ಮೊದಲುಗೊಂಡು ಹಲವು ಸಲ ಎಚ್ಚರಿಕೆಯ ಪ್ರಕಟಣೆಗಳನ್ನು ಹೊರಡಿಸಬೇಕಾಯಿತು.

ಈ ಬಲೆಗೆ ಬಿದ್ದ ರೈತನ ನಷ್ಟವು ಕಟ್ಟಿದ ಶುಲ್ಕದಲ್ಲಿಯೇ ಮುಗಿಯುವುದಿಲ್ಲ. ಪಂಪು ಬರುವುದೆಂದು ಕಾದು ಒಂದು ಹಂಗಾಮು ಕಳೆದುಹೋಗುತ್ತದೆ. ಕೊಟ್ಟ ವಿವರಗಳಿಂದ ಮುಂದೆ ಬೇರೆ ಮೋಸಗಳೂ ನಡೆಯಬಹುದು. ನಿಜವಾದ ಯೋಜನೆಯೂ ಮೋಸವೇ ಇರಬೇಕೆಂದು ಅವನು ಅರ್ಜಿಯನ್ನೇ ಹಾಕದೆ ಉಳಿಯಲೂಬಹುದು.

ಚೀಲದ ಅಂದವೂ ಚೀಟಿಯ ಸತ್ಯವೂ

ಬಿತ್ತನೆ ಬೀಜವನ್ನು ಕೊಳ್ಳುವ ಕ್ರಮವು ಇಲ್ಲಿ ಒಳ್ಳೆಯ ಮಾದರಿ. ಚೀಲದ ಮೇಲಿನ ತೆನೆಯ ಚಿತ್ರವು ಏನನ್ನೂ ಸ್ಥಾಪಿಸುವುದಿಲ್ಲ. ಚೀಲಕ್ಕೆ ಹೊಲಿದಿರುವ ಚೀಟಿಯೇ ಮುಖ್ಯ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿಯ ಚೀಟಿ. ಅದರಲ್ಲಿ ತಳಿಯ ಹೆಸರು, ತಂಡದ ಸಂಖ್ಯೆ, ಪರೀಕ್ಷೆಯ ತಾರೀಖು ಇರತಕ್ಕದ್ದು. ಇಷ್ಟರ ಮೇಲೂ ಜಾಣ ರೈತನು ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಎಷ್ಟು ಮೊಳೆತವೆಂದು ಎಣಿಸುತ್ತಾನೆ; ಬತ್ತದಲ್ಲಿ 80ಕ್ಕೆ ಕಡಿಮೆಯಾದರೆ ಹಿಂದಿರುಗಿಸುತ್ತಾನೆ. ಜಾಲತಾಣಕ್ಕೂ ಇಂತಹ ಚೀಟಿಯೊಂದುಂಟು. ಅದೇ ಅದರ ವಿಳಾಸ.

ವಿಳಾಸವನ್ನು ಓದುವ ಕ್ರಮ

ಹೊಸಹಳ್ಳಿ ಎಂಬ ಊರುಗಳು ನಾಡಿನಲ್ಲಿ ಎಷ್ಟೋ ಇವೆ. ಕಾಗದವು ಯಾವ ಹೊಸಹಳ್ಳಿಗೆ ಸೇರತಕ್ಕದ್ದೆಂಬುದು ವಿಳಾಸದ ಕೊನೆಯಲ್ಲಿ ಬರೆದ ತಾಲ್ಲೂಕು ಜಿಲ್ಲೆಗಳಿಂದ ಗೊತ್ತಾಗುವುದು. ಜಾಲತಾಣದ ವಿಳಾಸವನ್ನೂ ಹಾಗೆಯೇ ಕೊನೆಯಿಂದ ಓದಬೇಕು. ಆರಂಭದ ಜೋಡಿ ಓರೆಗೆರೆಗಳನ್ನು ಬಿಟ್ಟು, ಅನಂತರ ಬರುವ ಮೊದಲ ಒಂಟಿ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ನೋಡತಕ್ಕದ್ದು. ಅದರ ಕೊನೆಯಲ್ಲಿ ಚುಕ್ಕಿ, ‘ಜಿಒವಿ’, ಚುಕ್ಕಿ, ‘ಇನ್’ ಎಂದಿದ್ದರೆ ಅದು ಸರ್ಕಾರದ ತಾಣ. ಈ ಹೆಸರನ್ನು ಸರ್ಕಾರದ ಸಂಸ್ಥೆಗಳಿಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. ‘ಜಿಒವಿ’ ಎಂಬ ಅಕ್ಷರಗಳು ಹೆಸರಿನ ನಡುವೆ ಅಡ್ಡಗೆರೆಯೊಡನೆ ಸೇರಿಕೊಂಡು, ಕೊನೆಯಲ್ಲಿ ಬರಿಯ ‘ಇನ್’, ‘ಕಾಂ’ ಅಥವಾ ‘ಆರ್ಗ್’ ಮಾತ್ರ ಇದ್ದರೆ ಅದು ಬೇರೆ ಊರಿನ ಹೊಸಹಳ್ಳಿಯೆಂದೇ ಭಾವಿಸಬೇಕು. ಆ ಹೆಸರುಗಳನ್ನು ಹಣ ಕೊಟ್ಟವರೆಲ್ಲರೂ ಪಡೆಯಬಹುದು. ಹಾಗೆಂದು ಅಂತಹ ಹೆಸರಿನ ತಾಣಗಳೆಲ್ಲವೂ ಸುಳ್ಳಲ್ಲ. ಒಳ್ಳೆಯ ಸಹಕಾರ ಸಂಘಗಳೂ ವ್ಯಾಪಾರಸ್ಥರೂ ಅವುಗಳನ್ನು ಬಳಸುತ್ತಾರೆ. ಆದರೆ ಸರ್ಕಾರದ ಹೆಸರನ್ನು ಹೇಳಿಕೊಂಡು ಆ ಬಗೆಯ ವಿಳಾಸದಲ್ಲಿ ಹಣ ಕೇಳಿದರೆ, ಕಚೇರಿಯಲ್ಲಿ ವಿಚಾರಿಸದೆ ಕೊಡಬಾರದು. ಬ್ಯಾಂಕುಗಳಿಗಾಗಿ ‘ಬ್ಯಾಂಕ್’, ಚುಕ್ಕಿ, ‘ಇನ್’ ಎಂದು ಮುಗಿಯುವ ಪ್ರತ್ಯೇಕವಾದ ಹೆಸರನ್ನು ರಿಸರ್ವ್ ಬ್ಯಾಂಕು 2025ರಲ್ಲಿ ಏರ್ಪಡಿಸಿತು.

ಬೀಗದ ಚಿತ್ರ

ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರವಿದ್ದರೆ ತಾಣವು ಪ್ರಾಮಾಣಿಕವಾದುದೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಬರೆದ ವಿವರಗಳನ್ನು ದಾರಿಯ ನಡುವೆ ಮೂರನೆಯವನು ಓದಲಾರನೆಂಬುದಷ್ಟೇ ಆ ಬೀಗದ ಅರ್ಥ. ಪಡೆದುಕೊಳ್ಳುವವನೇ ಕಳ್ಳನಾದರೆ ಬೀಗವು ಏನು ಮಾಡೀತು? ಬೀಗವಿಲ್ಲದ ತಾಣದಲ್ಲಿ ವಿವರಗಳನ್ನು ಬರೆಯಬಾರದೆಂಬುದು ನಿಜ. ಬೀಗವಿದ್ದ ಮಾತ್ರಕ್ಕೆ ಬರೆಯಬಹುದೆಂಬುದು ನಿಜವಲ್ಲ. ಈ ತಪ್ಪು ತಿಳಿವಳಿಕೆಯ ಕಾರಣದಿಂದಲೇ ಗೂಗಲ್ ಸಂಸ್ಥೆಯು 2023ರಲ್ಲಿ ತನ್ನ ಕ್ರೋಮ್ ಎಂಬ ಸಾಧನದಲ್ಲಿ ಆ ಚಿತ್ರವನ್ನು ತೆಗೆದು ಬೇರೊಂದನ್ನು ಇಟ್ಟಿತು.

ತಾರೀಖಿಲ್ಲದ ಸಲಹೆ

ಮೋಸದ ಉದ್ದೇಶವಿಲ್ಲದ ತಾಣವೂ ಕೆಡುಕನ್ನುಂಟುಮಾಡಬಹುದು. ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಒಂದು ಕಾಲದಲ್ಲಿ ಅನೇಕ ಬೆಳೆಗಳಿಗೆ ಶಿಫಾರಸು ಮಾಡಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ತಡೆಯಿತು. ಅದಕ್ಕೆ ಹಿಂದೆ ಬರೆದ ಸಲಹೆಯು ಅಳಿಸದೆ ಉಳಿದಿದ್ದರೆ, ಅದು ಬರೆದಾಗ ಸರಿಯಾಗಿದ್ದು ಈಗ ತಪ್ಪಾಗಿರುವ ಮಾತು. ಆದುದರಿಂದ ಔಷಧ, ಗೊಬ್ಬರ, ಸಹಾಯಧನಗಳ ವಿಷಯದಲ್ಲಿ ತಾರೀಖು ಕಾಣದ ಬರಹವನ್ನು ಹಳೆಯದೆಂದೇ ಎಣಿಸತಕ್ಕದ್ದು.

ಗ್ರಾಮಸ್ಥರು ಅನುಸರಿಸತಕ್ಕ ಪರೀಕ್ಷೆಗಳು

1. ತಾಣವನ್ನು ನಡೆಸುವವರ ಹೆಸರು, ಕಚೇರಿಯ ಸ್ಥಳ, ದೂರವಾಣಿ ಸಂಖ್ಯೆಗಳು ಸ್ಪಷ್ಟವಾಗಿವೆಯೇ ಎಂಬುದನ್ನು ನೋಡಿ, ಆ ಕಚೇರಿಯು ನಿಜವಾಗಿ ಉಂಟೇ ಎಂದು ಬೇರೆ ಮೂಲದಿಂದ ವಿಚಾರಿಸಬೇಕು.

2. ವಿಳಾಸವನ್ನು ಕೊನೆಯಿಂದ ಓದಬೇಕು. ಯಾರೋ ಕಳುಹಿಸಿದ ಸಂದೇಶವನ್ನು ಒತ್ತಿ ತಾಣವನ್ನು ತೆರೆಯುವುದಕ್ಕಿಂತ ವಿಳಾಸವನ್ನು ತಾನೇ ಬರೆದು ತೆರೆಯುವುದು ಮೇಲು.

3. ‘ಇಂದೇ ಕಡೆಯ ದಿನ’, ‘ಈಗಲೇ ಕಟ್ಟಿರಿ’ ಎಂದು ಅವಸರಪಡಿಸುವ ತಾಣದಲ್ಲಿ ಅವಸರಪಡಬಾರದು. ನಿಜವಾದ ಕಡೆಯ ದಿನವಿದ್ದರೆ ಕಚೇರಿಯಲ್ಲಿಯೂ ಅದು ತಿಳಿದಿರುತ್ತದೆ.

4. ಹಣವನ್ನು ಪಡೆಯುವುದಕ್ಕೆ ಯುಪಿಐ ಗುಪ್ತಸಂಖ್ಯೆಯು ಬೇಕಾಗುವುದಿಲ್ಲ. ‘ಹಣ ಬರುತ್ತದೆ, ಗುಪ್ತಸಂಖ್ಯೆಯನ್ನು ಒತ್ತಿ’ ಎಂದವನು ಹಣವನ್ನು ತೆಗೆದುಕೊಳ್ಳುವವನೇ.

5. ಸಂದೇಶದೊಡನೆ ಬಂದ ಆ್ಯಪನ್ನು ಫೋನಿಗೆ ಇಳಿಸಿಕೊಳ್ಳಬಾರದು.

6. ಸಂಶಯವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ 1800-180-1551 ಎಂಬ ಕಿಸಾನ್ ಕಾಲ್ ಸೆಂಟರಿನ ಸಂಖ್ಯೆಯಲ್ಲಿ ಕೇಳಬೇಕು. ಈ ಕರೆಗೆ ಶುಲ್ಕವಿಲ್ಲ.

ಮೋಸಹೋದುದು ತಿಳಿದ ಕೂಡಲೆ ತಡಮಾಡದೆ 1930 ಎಂಬ ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು. ಹಣವು ಕೈಯಿಂದ ಕೈಗೆ ದಾಟುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಂಭವವು ಹೆಚ್ಚು. ಮೋಸಹೋದವನು ನಾಚಿಕೆಯಿಂದ ಸುಮ್ಮನಿರುವುದೇ ಮೋಸಗಾರನಿಗೆ ದೊಡ್ಡ ಸಹಾಯ. ಅಂತಹವನನ್ನು ನಗೆಗೀಡುಮಾಡದೆ, ಅವನ ಅನುಭವವು ಊರಿಗೆಲ್ಲ ಎಚ್ಚರಿಕೆಯಾಗುವಂತೆ ನೋಡಿಕೊಳ್ಳುವುದು ಗ್ರಾಮದ ಮುಖ್ಯಸ್ಥರ ಕರ್ತವ್ಯ. ಊರಿನ ಹಿರಿಯರು ತಾವು ಒಪ್ಪಿದ ತಾಣವನ್ನು ಹತ್ತು ಮನೆಯವರೂ ಒಪ್ಪುತ್ತಾರೆಂಬುದನ್ನು ನೆನಪಿನಲ್ಲಿಡಬೇಕು. ಯಾವ ಸಂದೇಶವನ್ನೇ ಆಗಲಿ ಪರೀಕ್ಷಿಸದೆ ಇತರರಿಗೆ ಕಳುಹಿಸಬಾರದು. ಬೀಜವನ್ನು ಪರೀಕ್ಷಿಸಿ ಬಿತ್ತುವವನಿಗೆ ಬೆಳೆಯು ದಕ್ಕುವಂತೆ, ತಾಣವನ್ನು ಪರೀಕ್ಷಿಸಿ ನಂಬುವವನಿಗೆ ಅದರ ಪ್ರಯೋಜನವು ದಕ್ಕುವುದು.